ನಾಲ್ಕು ಹೆಜ್ಜೆ ಓಡಿದರೆ ಏದುಸಿರು: ಮಕ್ಕಳಲ್ಲಿ ದಮ್ಮು ಬೆಳೆಸುವುದು ಹೇಗೆ?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಹತ್ತು ವರ್ಷ, ಐದನೇ ತರಗತಿ. ಓದು, ಚಿತ್ರ, ಚೆಸ್ ಎಲ್ಲದರಲ್ಲೂ ಚುರುಕು. ಓಟದ ಮಾತು ಬಂದರೆ ಮಾತ್ರ ಮುಖ ಬಾಡುತ್ತದೆ. ಕಳೆದ ತಿಂಗಳು ಶಾಲೆಯಲ್ಲಿ ದೈಹಿಕ ಕ್ಷಮತೆಯ ಪರೀಕ್ಷೆ ನಡೆಯಿತು. 600 ಮೀಟರ್ ಓಟದಲ್ಲಿ ಅರ್ಧಕ್ಕೇ ಪಕ್ಕೆ ಹಿಡಿದುಕೊಂಡು ಕುಳಿತುಬಿಟ್ಟನಂತೆ. ಅಂದಿನಿಂದ ಪಿ.ಟಿ. ಪೀರಿಯಡ್ ಇರುವ ದಿನ ಬೆಳಿಗ್ಗೆಯೇ ಹೊಟ್ಟೆನೋವು ಎನ್ನುತ್ತಾನೆ. ನಮ್ಮ ಯಜಮಾನರು ನಾಳೆಯಿಂದಲೇ ಐದು ಗಂಟೆಗೆ ಎಬ್ಬಿಸಿ ಓಡಿಸುತ್ತೇನೆ ಎಂದು ಹಟ ಹಿಡಿದಿದ್ದಾರೆ. ಹಾಗೆ ಮಾಡಿದರೆ ಅವನು ಓಟವನ್ನೇ ದ್ವೇಷಿಸುತ್ತಾನೇನೋ ಎಂಬ ಭಯ ನನಗೆ. ಅವನ ದೇಹದಲ್ಲಿ ಏನಾದರೂ ಕೊರತೆ ಇದೆಯೇ ಎಂಬ ಚಿಂತೆಯೂ ಇದೆ. ತಿಳಿದವರು ದಾರಿ ಹೇಳಿ.

ಮೈದಾನದ ಮೇಷ್ಟ್ರು (ನಿವೃತ್ತ ದೈಹಿಕ ಶಿಕ್ಷಕ), ಹಾವೇರಿ

ತಾಯೀ, ಮೊದಲು ಆ 600 ಮೀಟರ್ ವಿಷಯವನ್ನೇ ನೋಡೋಣ. ಕೇಂದ್ರ ಸರ್ಕಾರ ಶಾಲಾ ಮಕ್ಕಳಿಗಾಗಿ ರೂಪಿಸಿದ ಖೇಲೋ ಇಂಡಿಯಾ ಕ್ಷಮತೆ ಪರೀಕ್ಷೆಯಲ್ಲಿ 9ರಿಂದ 18 ವರ್ಷದವರಿಗೆ 50 ಮೀಟರ್ ವೇಗದ ಓಟವೂ ಇದೆ, 600 ಮೀಟರ್ ಓಟವೂ ಇದೆ. 5ರಿಂದ 8 ವರ್ಷದ ಮಕ್ಕಳಿಗೆ ಓಟವನ್ನೇ ಇಟ್ಟಿಲ್ಲ. ಎತ್ತರ-ತೂಕದ ಅಳತೆ, ಒಂಟಿ ಕಾಲಿನ ಮೇಲೆ ನಿಲ್ಲುವ ಸಮತೋಲನ, ಕೈಯ ಚುರುಕು ನೋಡುವ ಪರೀಕ್ಷೆ ಇಷ್ಟೇ ಇವೆ. ಅಂದರೆ ನಿಮ್ಮ ಹುಡುಗ ದೂರದ ಓಟವನ್ನು ಮೊದಲ ಬಾರಿಗೆ ಎದುರಿಸಿರುವ ಸಂಭವವೇ ಹೆಚ್ಚು. ಸೀಟಿ ಊದಿದ ಕೂಡಲೇ ಮಕ್ಕಳು 50 ಮೀಟರಿಗೆ ನುಗ್ಗುವಂತೆ ಇಲ್ಲೂ ನುಗ್ಗುತ್ತಾರೆ. 200 ಮೀಟರಿನ ಸುತ್ತಾದರೆ ಮೂರು ಸುತ್ತು ಬರಬೇಕು. ಮೊದಲ ಸುತ್ತಿನಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ, ಎರಡನೆಯದರಲ್ಲಿ ಪಕ್ಕೆ ಹಿಡಿಯುತ್ತದೆ, ಮೂರನೆಯದು ಅವಮಾನವಾಗುತ್ತದೆ. ನನ್ನ ಸೇವಾವಧಿಯುದ್ದಕ್ಕೂ ಇದನ್ನೇ ನೋಡಿದ್ದೇನೆ. ಅಂಥ ಮಕ್ಕಳಲ್ಲಿ ಬಹಳ ಜನಕ್ಕೆ ಶಕ್ತಿ ಇತ್ತು. ಅದನ್ನು ಮೂರು ಸುತ್ತಿಗೂ ಹಂಚಿಕೊಳ್ಳುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆದ್ದರಿಂದ ಮೊದಲು ಕಲಿಸಬೇಕಾದದ್ದು ನಿಧಾನವಾಗಿ ಓಡುವುದನ್ನು. ನಾನು ಮಕ್ಕಳಿಗೆ ಮಗ್ಗಿ ಹೇಳುತ್ತಾ ಓಡಲು ಹೇಳುತ್ತಿದ್ದೆ. ಮೂರರ ಮಗ್ಗಿಯನ್ನು ತುಂಡಾಗದಂತೆ ಹೇಳಲು ಬಂದರೆ ಆ ವೇಗ ಸರಿ. 'ಮೂರು ನಾಲ್ಕಲಿ' ಎನ್ನುವಷ್ಟರಲ್ಲಿ ಉಸಿರು ಕಟ್ಟಿದರೆ ವೇಗ ಜಾಸ್ತಿಯಾಯಿತು ಎಂದರ್ಥ, ನಡೆಯಬೇಕು. ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಇದುವರೆಗೆ ಸಿಕ್ಕಿಲ್ಲ.

ಶುರುವಿಗೆ ಒಂದು ನಿಮಿಷ ನಿಧಾನ ಓಟ, ಒಂದು ನಿಮಿಷ ನಡಿಗೆ. ಹೀಗೆ ಹತ್ತು ಹನ್ನೆರಡು ನಿಮಿಷ, ವಾರಕ್ಕೆ ಮೂರು ಅಥವಾ ನಾಲ್ಕು ದಿನ ಸಾಕು. ಅದು ಸಲೀಸಾದ ಮೇಲೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಬೆಳೆಯಬೇಕಾದದ್ದು ಓಡುವ ಹೊತ್ತು. ವೇಗ ಆಮೇಲೆ ತಾನಾಗಿ ಬರುತ್ತದೆ. ಊಟವಾಗಿ ಎರಡು ಗಂಟೆಯಾದರೂ ಕಳೆದಿರಲಿ. ಹೊಟ್ಟೆ ತುಂಬಿದ್ದಾಗ ಓಡಿದರೆ ಪಕ್ಕೆ ಹಿಡಿಯುವುದು ಜಾಸ್ತಿ.

ಉಳಿದ ದಿನಗಳಲ್ಲಿ ಆಟ. ಲಗೋರಿ, ಮರಕೋತಿ, ಖೋ-ಖೋ, ಕುಂಟೆಬಿಲ್ಲೆ ಯಾವುದಾದರೂ ಸರಿ. ಅಟ್ಟಿಸಿಕೊಂಡು ಓಡು, ನಿಲ್ಲು, ಮತ್ತೆ ಓಡು ಎಂಬ ಈ ಆಟಗಳ ಲಯವೇ ಮಕ್ಕಳ ದೇಹಕ್ಕೆ ಒಗ್ಗುವಂಥದ್ದು. ಸಣ್ಣ ಮಕ್ಕಳು ದೊಡ್ಡವರಿಗಿಂತ ಬೇಗ ಸುಧಾರಿಸಿಕೊಳ್ಳುತ್ತಾರೆ. ಅರ್ಧ ನಿಮಿಷ ಏದಿ ಮತ್ತೆ ಓಡುತ್ತಾರೆ. ಸಂಜೆಯೆಲ್ಲ ಲಗೋರಿ ಆಡಿದ ಹುಡುಗ ದಣಿದೆ ಎಂದು ಹೇಳಿದ್ದನ್ನು ಯಾರಾದರೂ ಕೇಳಿದ್ದೀರಾ?

ಬೆಳಗಿನ ಓಟಗಾರ, ಬೆಂಗಳೂರು

ಮೇಷ್ಟ್ರ ಮಾತಿಗೆ ಗೌರವವಿದೆ, ಆದರೆ ಪೂರ್ತಿ ಒಪ್ಪಲಾರೆ. ಶಿಸ್ತು ಇಲ್ಲದೆ ಏನೂ ಬರುವುದಿಲ್ಲ. ನನ್ನ ತಂದೆ ನನ್ನನ್ನು ಬೆಳಗಿನ ಜಾವಕ್ಕೆ ಎಬ್ಬಿಸಿ ಕರೆದುಕೊಂಡು ಹೋಗುತ್ತಿದ್ದರು. ಇಂದಿಗೂ ನಾನು ಓಡುತ್ತಿರುವುದಕ್ಕೆ ಅದೇ ಕಾರಣ. ಈಗಿನ ಮಕ್ಕಳು ಅಪಾರ್ಟ್‌ಮೆಂಟಿನ ಲಿಫ್ಟ್, ಶಾಲೆಯ ವ್ಯಾನ್, ಟ್ಯೂಷನ್, ಮೊಬೈಲ್ ಇಷ್ಟರಲ್ಲೇ ಮುಗಿದುಹೋಗುತ್ತಾರೆ. ಅವರಾಗಿಯೇ ಆಡಲು ಇಳಿಯುತ್ತಾರೆ ಎಂದು ಕಾಯುತ್ತಾ ಕೂರುವುದು ಹೇಗೆ? ಆಡಲು ಜಾಗವಾದರೂ ಎಲ್ಲಿದೆ?

ಇನ್ನೊಂದು ಪ್ರಶ್ನೆ: ನನ್ನ ಮಗಳಿಗೆ ಸ್ಮಾರ್ಟ್ ವಾಚ್ ಕೊಡಿಸಿದ್ದೇನೆ. ಓಡುವಾಗ ಎದೆಬಡಿತ 190 ದಾಟುತ್ತದೆ. ಇದು ಅಪಾಯವೇ?

ಮಕ್ಕಳ ವೈದ್ಯೆ, ದಾವಣಗೆರೆ

ವಾಚಿನ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಈ ಭಯವನ್ನು ಹೊತ್ತು ನನ್ನಲ್ಲಿಗೆ ಬಹಳ ತಂದೆತಾಯಂದಿರು ಬರುತ್ತಾರೆ. 220ರಿಂದ ವಯಸ್ಸನ್ನು ಕಳೆಯುವ ಲೆಕ್ಕ ದೊಡ್ಡವರಿಗಾಗಿ ಹುಟ್ಟಿದ್ದು, ಮಕ್ಕಳಿಗೆ ಹೊಂದುವುದಿಲ್ಲ. ಹತ್ತು ಹನ್ನೆರಡು ವರ್ಷದ ಆರೋಗ್ಯವಂತ ಮಗು ಜೋರಾಗಿ ಓಡಿದಾಗ ಎದೆಬಡಿತ 190, 200ಕ್ಕೆ ಹೋಗುವುದು ಸಹಜ. ವಾಚನ್ನು ಮನೆಯಲ್ಲಿ ಬಿಟ್ಟು ಓಡಲಿ, ಮೇಷ್ಟ್ರು ಹೇಳಿದ ಮಗ್ಗಿಯೇ ಸಾಕು.

ತುಂಗಾತೀರ ಅವರೇ, ನಿಮ್ಮ ಚಿಂತೆ ಅನಗತ್ಯವಲ್ಲ. ಮಗುವಿಗೆ ದಮ್ಮು ಇಲ್ಲ ಎಂದು ಬಂದವರಲ್ಲಿ ನಾನು ಮೊದಲು ನೋಡುವುದು ಕಣ್ಣಿನ ಒಳರೆಪ್ಪೆಯನ್ನು. ನಮ್ಮಲ್ಲಿ ರಕ್ತಹೀನತೆ ಅಷ್ಟು ವ್ಯಾಪಕ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು, 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59ರಷ್ಟು ರಕ್ತಹೀನತೆ ಇದೆ. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಅಂಥ ಮಗುವನ್ನು ಐದು ಗಂಟೆಗೆ ಎಬ್ಬಿಸಿ ಓಡಿಸಿದರೆ ಅದಕ್ಕೆ ದಮ್ಮು ಬರುವುದಿಲ್ಲ, ಹಿಂಸೆಯಾಗುತ್ತದೆ ಅಷ್ಟೆ. 5ರಿಂದ 11 ವರ್ಷದವರಲ್ಲಿ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 11.5 ಗ್ರಾಂಗಿಂತ ಕಡಿಮೆ ಇರಬಾರದು. ಒಂದು ಸಣ್ಣ ರಕ್ತ ಪರೀಕ್ಷೆಯಿಂದ ಇದು ತಿಳಿಯುತ್ತದೆ. ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನೂ ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನೂ ಮನೆಯವರು ಬೇಡವೆನ್ನಬಾರದು. ಊಟದ ಜೊತೆ ಚಹಾ, ಕಾಫಿ ಬೇಡ, ಅವು ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಹೆಚ್ಚು ಹತ್ತುತ್ತದೆ.

ಎರಡನೆಯದು ಉಬ್ಬಸ. ಕೆಲವು ಮಕ್ಕಳಿಗೆ ಓಡಿದಾಗ ಮಾತ್ರ ಶ್ವಾಸನಾಳ ಬಿಗಿಯುತ್ತದೆ. ಓಟ ಮುಗಿದ ಮೇಲೆ ಬಿಡದೆ ಕೆಮ್ಮು, ಎದೆಯಲ್ಲಿ ಸುಯ್ಯೆನ್ನುವ ಸದ್ದು ಇದರ ಗುರುತು. ಇಂಥವರನ್ನು ಸೋಮಾರಿ ಎಂದು ಬೈಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಸರಿಯಾದ ಔಷಧ ತೆಗೆದುಕೊಂಡರೆ ಇವರೂ ಎಲ್ಲರಂತೆ ಓಡಬಲ್ಲರು.

ಓಡುವಾಗ ಎಚ್ಚರ ತಪ್ಪಿ ಬೀಳುವುದು, ಎದೆನೋವು, ಮನೆತನದಲ್ಲಿ ಚಿಕ್ಕ ವಯಸ್ಸಿನವರು ಹಠಾತ್ತನೆ ತೀರಿಕೊಂಡಿರುವುದು ಇವುಗಳಲ್ಲಿ ಯಾವುದಿದ್ದರೂ ಮೊದಲು ಹೃದಯ ಪರೀಕ್ಷೆ, ಆಮೇಲೆ ಓಟ. ಇದರಲ್ಲಿ ರಾಜಿ ಬೇಡ.

ಇನ್ನು ಐದು ಗಂಟೆಗೆ ಎಬ್ಬಿಸುವ ವಿಷಯ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ರಾತ್ರಿ ಎಂಟಕ್ಕೆ ಮಲಗಿಸುವುದಾದರೆ ಐದಕ್ಕೆ ಎಬ್ಬಿಸಿ. ಹತ್ತೂವರೆಗೆ ಮಲಗುವ ಮನೆಯಲ್ಲಿ ಸಂಜೆ ಓಡಿಸುವುದೇ ಸರಿ.

ಎಡಿನ್‌ಬರೊ ಕನ್ನಡಿಗ

ಜಾಗವೆಲ್ಲಿದೆ ಎಂದು ಕೇಳಿದವರಿಗೆ ನಾನಿರುವ ದೇಶದ ಒಂದು ಉದಾಹರಣೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಊರಿನ ಸೇಂಟ್ ನಿನಿಯನ್ಸ್ ಎಂಬ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಇಲೇನ್ ವೈಲಿ 2012ರಲ್ಲಿ ಒಂದು ಕ್ರಮ ಆರಂಭಿಸಿದರು. ತಮ್ಮ ಮಕ್ಕಳು ದೈಹಿಕವಾಗಿ ಸೊರಗಿದ್ದಾರೆ ಎನ್ನಿಸಿ, ದಿನಕ್ಕೆ 15 ನಿಮಿಷ ತರಗತಿಯಿಂದ ಹೊರಗೆ ಕರೆದುಕೊಂಡು ಹೋಗಿ ಶಾಲೆಯ ಸುತ್ತ ಓಡಿಸತೊಡಗಿದರು. ಸಮವಸ್ತ್ರ ಬದಲಿಸಬೇಕಾಗಿಲ್ಲ, ಸ್ಪರ್ಧೆ ಇಲ್ಲ, ಬಹುಮಾನ ಇಲ್ಲ. ಓಡುವವರು ಓಡಬಹುದು, ಸಾಕಾದವರು ನಡೆಯಬಹುದು, ಗೆಳೆಯರ ಜೊತೆ ಮಾತನಾಡಬಹುದು. ಡೈಲಿ ಮೈಲ್ ಎಂಬ ಹೆಸರಿನಲ್ಲಿ ಅದು ಈಗ ಅನೇಕ ದೇಶಗಳಿಗೆ ಹರಡಿದೆ. ಈ ಓಟವಿದ್ದ ಶಾಲೆಯ ಮಕ್ಕಳನ್ನು ಇಲ್ಲದ ಶಾಲೆಯ ಮಕ್ಕಳೊಂದಿಗೆ ಹೋಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಓಡಿದವರ ಕ್ಷಮತೆ ಹೆಚ್ಚಿದ್ದು ಕಂಡುಬಂದಿತ್ತು.

ಇಲ್ಲಿನ ಚಳಿ, ಜಿಟಿಜಿಟಿ ಮಳೆಯಲ್ಲೂ ಮಕ್ಕಳು ಹೊರಗೆ ಹೋಗುತ್ತಾರೆ. ನನ್ನ ಮಗಳು ಓಟದ ಬಗ್ಗೆ ದೂರು ಹೇಳಿದ್ದೇ ಇಲ್ಲ. ಕೊನೆಯವರು ಯಾರೆಂದು ಅಲ್ಲಿ ಯಾರೂ ಎಣಿಸುವುದಿಲ್ಲ.

ಶಾಲಾ ಶಿಕ್ಷಕಿ, ಕೊಪ್ಪಳ ಜಿಲ್ಲೆ

ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ದೈಹಿಕ ಶಿಕ್ಷಕರ ಹುದ್ದೆಯೇ ಇಲ್ಲ, ನಾನು ಗಣಿತ ಕಲಿಸುವವಳು. ಆದರೂ ಪ್ರಾರ್ಥನೆ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ಕಾಂಪೌಂಡ್ ಒಳಗೆ ಸುತ್ತು ಹಾಕುತ್ತೇವೆ, ನಾನೂ ಜೊತೆಗಿರುತ್ತೇನೆ. ಶಿಕ್ಷಕರು ಕುರ್ಚಿಯಲ್ಲಿ ಕುಳಿತು ಸೀಟಿ ಊದಿದರೆ ಮಕ್ಕಳು ಎರಡು ದಿನ ಓಡುತ್ತಾರೆ, ಮೂರನೆಯ ದಿನ ನೆಪ ಹೇಳುತ್ತಾರೆ. ಜೊತೆಗೆ ಓಡಿದರೆ ನನ್ನನ್ನು ಹಿಂದೆ ಹಾಕಬೇಕೆಂಬ ಉಮೇದಿಗೇ ಓಡುತ್ತಾರೆ.

ಇನ್ನೊಂದು ವಿಷಯವನ್ನು ಇಲ್ಲಿ ಯಾರೂ ಎತ್ತಿಲ್ಲ. ನಮ್ಮ ಕೆಲವು ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಬರುತ್ತಾರೆ. ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ 2013ರಲ್ಲಿ ಬಂತು, ಈಚೆಗೆ ಮೊಟ್ಟೆಯೂ ಬಂದಿದೆ. ಹಾಲು ಕುಡಿದ ಮೇಲೆ ಓಡಿಸುವುದಕ್ಕೂ ಬರಿಹೊಟ್ಟೆಯಲ್ಲಿ ಓಡಿಸುವುದಕ್ಕೂ ಇರುವ ವ್ಯತ್ಯಾಸ ಮುಖದಲ್ಲೇ ಕಾಣುತ್ತದೆ. ಹಸಿದ ಮಗುವಿನ ಮುಂದೆ ಕ್ಷಮತೆಯ ಮಾತು ಆಡುವ ಹಕ್ಕು ನಮಗಿಲ್ಲ. ಮೊದಲು ಹೊಟ್ಟೆಗೆ ಏನಾದರೂ ಬೀಳಬೇಕು.

ಗದಗದ ಅಪ್ಪ

ನನ್ನ ಮಗ ಓದುವ ಶಾಲೆಯಲ್ಲಿ ತಡವಾಗಿ ಬಂದವರಿಗೆ, ಮನೆಗೆಲಸ ಮಾಡದವರಿಗೆ ಮೈದಾನ ಸುತ್ತುವ ಶಿಕ್ಷೆ ಕೊಡುತ್ತಾರೆ. ಕೇಳಿದರೆ, 'ಓಡಿದರೆ ಒಳ್ಳೆಯದೇ ಅಲ್ಲವೇ, ಬೆತ್ತಕ್ಕಿಂತ ವಾಸಿ' ಎನ್ನುತ್ತಾರೆ. ಇದು ಸರಿಯೇ, ಮೇಷ್ಟ್ರೇ?

ಮೈದಾನದ ಮೇಷ್ಟ್ರು (ನಿವೃತ್ತ ದೈಹಿಕ ಶಿಕ್ಷಕ), ಹಾವೇರಿ

ಖಂಡಿತ ಸರಿಯಲ್ಲ. ಈ ಮಾತನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಸಾಲದು. ಓಟವನ್ನು ಶಿಕ್ಷೆಯಾಗಿ ಬಳಸುವ ಶಾಲೆ, ದೇಹ ದಣಿಸುವುದೆಂದರೆ ತಪ್ಪು ಮಾಡಿದವರು ತೆರುವ ದಂಡ ಎಂಬ ಪಾಠವನ್ನು ಮಗುವಿಗೆ ಜೀವನಪೂರ್ತಿ ಕಲಿಸಿ ಕಳುಹಿಸುತ್ತದೆ. ಇತಿಹಾಸದ ಪುಸ್ತಕ ಓದುವುದನ್ನು ಯಾರಾದರೂ ಶಿಕ್ಷೆಯಾಗಿ ಕೊಡುತ್ತಾರೆಯೇ? ಹಾಗೆ ಕೊಟ್ಟರೆ ಆ ಮಗು ಇತಿಹಾಸ ಓದುತ್ತದೆಯೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬಿಸಿಲಿನಲ್ಲಿ ಮೈದಾನ ಸುತ್ತಿಸುವುದು ಬೆತ್ತಕ್ಕಿಂತ ವಾಸಿ ಎನ್ನುವವರು ಆ ಕಾಯ್ದೆಯನ್ನು ಒಮ್ಮೆ ಓದಲಿ. ನೀವು ಶಾಲಾ ಅಭಿವೃದ್ಧಿ ಸಮಿತಿಯಲ್ಲೋ ಪೋಷಕರ ಸಭೆಯಲ್ಲೋ ಲಿಖಿತವಾಗಿ ಕೊಡಿ. ನಾಲ್ಕು ಜನ ಪೋಷಕರು ಜೊತೆಯಾಗಿ ಹೋದರೆ ಕೇಳಿಸಿಕೊಳ್ಳುತ್ತಾರೆ.

ಬೆಂಗಳೂರಿನ ಓಟಗಾರರಿಗೂ ಒಂದು ಮಾತು. ನಿಮ್ಮ ತಂದೆ ನಿಮ್ಮನ್ನು ಎಬ್ಬಿಸಿ 'ಕರೆದುಕೊಂಡು ಹೋಗುತ್ತಿದ್ದರು' ಎಂದು ನೀವೇ ಬರೆದಿದ್ದೀರಿ. ಅವರೂ ಜೊತೆಗೆ ಬಂದಿದ್ದರು. ನಿಮ್ಮನ್ನು ಓಟಕ್ಕೆ ಅಂಟಿಸಿದ್ದು ಅದೇ ಎಂದು ನನಗನ್ನಿಸುತ್ತದೆ. ಶಿಸ್ತು ಬೇಕು, ನಾನು ಬೇಡವೆಂದಿಲ್ಲ. ದಿನ ತಪ್ಪಿಸದಿರುವುದೇ ಶಿಸ್ತು. ವಾಂತಿ ಬರುವವರೆಗೆ ಓಡಿಸುವುದಕ್ಕೆ ಆ ಹೆಸರು ಸಲ್ಲದು.

ಕುಕ್ಕರಹಳ್ಳಿ ಏರಿ, ಮೈಸೂರು

ಎಲ್ಲರೂ ಹುಡುಗರ ಬಗ್ಗೆಯೇ ಮಾತನಾಡುತ್ತಿದ್ದೀರಿ. ನನ್ನ ಮಗಳು ಹನ್ನೊಂದರವರೆಗೆ ಗಂಡುಮಕ್ಕಳನ್ನು ಮೀರಿಸಿ ಓಡುತ್ತಿದ್ದಳು. ಈಗ ಹದಿಮೂರು. ಆಟ ಪೂರ್ತಿ ನಿಂತಿದೆ. ಮೈ ಬೆಳೆಯುತ್ತಿರುವ ಮುಜುಗರ, ಮುಟ್ಟಿನ ದಿನಗಳ ಆತಂಕ, ಮೈದಾನದ ಸುತ್ತ ನಿಂತು ನೋಡುವ ಹುಡುಗರು, ಅದರ ಮೇಲೆ ಅಜ್ಜಿಯ 'ಇನ್ನು ಸಾಕು, ದೊಡ್ಡವಳಾದೆ' ಎಂಬ ಮಾತು. ಒಂದೊಂದಾಗಿ ಬಿಡಿಸುತ್ತಾ ಹೋದೆ. ಒಳ್ಳೆಯ ಸ್ಪೋರ್ಟ್ಸ್ ಬ್ರಾ, ಗಾಢ ಬಣ್ಣದ ಟ್ರ್ಯಾಕ್ ಪ್ಯಾಂಟ್ ಕೊಡಿಸಿದೆ. ಅರ್ಧ ಸಮಸ್ಯೆ ಅಲ್ಲೇ ಕರಗಿತು. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಹಿಂಡಿದರೆ ಬರೀ ನಡೆಯುತ್ತಾಳೆ, ಇಲ್ಲದಿದ್ದರೆ ಓಡುತ್ತಾಳೆ. ಇಬ್ಬರು ಗೆಳತಿಯರ ತಾಯಂದಿರನ್ನೂ ಸೇರಿಸಿಕೊಂಡು ಕೆರೆ ಏರಿಯ ಮೇಲೆ ಒಟ್ಟಿಗೆ ಹೋಗುತ್ತೇವೆ.

ಅಜ್ಜಿಗೆ ಹೇಳಿದ್ದು ಒಂದೇ ವಿಷಯ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮದೇ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರ ಮನೆಯವರು 'ದೊಡ್ಡವಳಾದೆ, ಸಾಕು' ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅಜ್ಜಿ ಆಮೇಲೆ ಆ ಮಾತು ಎತ್ತಿಲ್ಲ.

ಕರಾವಳಿ ಅಪ್ಪ, ಉಡುಪಿ

ನಮ್ಮ ಸಮಸ್ಯೆ ಇದಕ್ಕೆ ತಿರುಗುಮುರುಗು. ಮಗನಿಗೆ ಹನ್ನೊಂದು, ಫುಟ್‌ಬಾಲ್ ಹುಚ್ಚು. ಬೆಳಿಗ್ಗೆ ಸಂಜೆ ಎರಡೂ ಹೊತ್ತು ತರಬೇತಿ, ಭಾನುವಾರ ಪಂದ್ಯ. ಈಗ ಹಿಮ್ಮಡಿ ನೋವು ಎನ್ನುತ್ತಾನೆ, ಬೆಳಿಗ್ಗೆ ಕುಂಟುತ್ತಾನೆ. ತರಬೇತುದಾರರು ಸಹಿಸಿಕೊಳ್ಳಲಿ, ಗಟ್ಟಿಯಾಗುತ್ತಾನೆ ಎನ್ನುತ್ತಾರೆ.

ಮಕ್ಕಳ ವೈದ್ಯೆ, ದಾವಣಗೆರೆ

ಸಹಿಸಿಕೊಳ್ಳಬಾರದು. 8ರಿಂದ 14 ವರ್ಷದವರೆಗೆ ಹಿಮ್ಮಡಿಯ ಮೂಳೆಯ ತುದಿ ಇನ್ನೂ ಬೆಳೆಯುತ್ತಿರುವ ಮೃದು ಭಾಗವಾಗಿರುತ್ತದೆ. ಬಿಡುವಿಲ್ಲದೆ ಓಡಿ ನೆಗೆದರೆ ಮೀನಖಂಡದ ಸ್ನಾಯು ಅದನ್ನು ಎಳೆದೆಳೆದು ನೋಯಿಸುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ ಉಬ್ಬು ಬಂದು ನೋಯುವುದೂ ಇದೇ ಜಾತಿಯದು. ಬಹಳಷ್ಟು ಸಲ ವಿಶ್ರಾಂತಿಯಿಂದ, ಮೀನಖಂಡ ಹಿಗ್ಗಿಸುವ ವ್ಯಾಯಾಮದಿಂದ ಗುಣವಾಗುತ್ತದೆ. ಆದರೂ ಒಮ್ಮೆ ವೈದ್ಯರಿಗೆ ತೋರಿಸಿ.

ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿ ಅಷ್ಟು ಗಂಟೆಯನ್ನು ಮೀರಬಾರದು ಎಂಬುದು ಕ್ರೀಡಾ ವೈದ್ಯರು ಒಪ್ಪಿಕೊಂಡ ಲೆಕ್ಕ. ಹನ್ನೊಂದು ವರ್ಷಕ್ಕೆ ಹನ್ನೊಂದು ಗಂಟೆ. ವಾರಕ್ಕೆ ಒಂದೆರಡು ದಿನ ಪೂರ್ತಿ ಬಿಡುವು ಬೇಕು. ಒಂದೇ ಆಟಕ್ಕೆ ಕಟ್ಟಿಹಾಕುವುದನ್ನು 15-16 ವರ್ಷದವರೆಗೆ ಮುಂದೂಡಿದಷ್ಟೂ ಒಳ್ಳೆಯದು. ನಿಮ್ಮಲ್ಲಿ ಹೊಳೆ, ಕೆರೆ ಇದ್ದೇ ಇವೆ. ದೊಡ್ಡವರ ಜೊತೆಯಲ್ಲಿ ಈಜಲಿ. ಹಿಮ್ಮಡಿಗೆ ಭಾರ ಬೀಳದೆ ದಮ್ಮು ಉಳಿಯುತ್ತದೆ.

ಹೊಸಬ, ತುಮಕೂರು

ಹಾಲಿಗೆ ಬೆರೆಸುವ ಪುಡಿಗಳಿಂದ ಸ್ಟ್ಯಾಮಿನಾ ಬರುತ್ತದೆಯೇ? ಟಿ.ವಿ.ಯಲ್ಲಿ ನೋಡಿ ಮಗಳು ಹಟ ಮಾಡುತ್ತಿದ್ದಾಳೆ.

ಮಕ್ಕಳ ವೈದ್ಯೆ, ದಾವಣಗೆರೆ

ಇಲ್ಲ. ಡಬ್ಬಿಯ ಹಿಂಭಾಗದಲ್ಲಿ ಸಕ್ಕರೆಯ ಪ್ರಮಾಣ ನೋಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಇಂಥವನ್ನು 'ಆರೋಗ್ಯ ಪೇಯ' ಎಂಬ ವರ್ಗದಿಂದ ತೆಗೆಯುವಂತೆ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ನೀವು ತುಮಕೂರಿನವರು, ಮನೆಯಲ್ಲಿ ರಾಗಿ ಇದ್ದೇ ಇರುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ರಾಗಿ ಮಾಲ್ಟ್, ಮೊಳಕೆ ಕಾಳಿನ ಉಸಲಿ, ಶೇಂಗಾ ಬೆಲ್ಲ, ಮೊಟ್ಟೆ ತಿನ್ನುವವರಾದರೆ ಮೊಟ್ಟೆ. ಓಡುವ ಮಗುವಿಗೆ ಇಷ್ಟು ಸಾಕು.

ತೊಗರಿ ನಾಡು, ಕಲಬುರಗಿ

ನಮ್ಮಲ್ಲಿ ಮಾರ್ಚ್ ಬಂದರೆ ಬೆಳಿಗ್ಗೆ ಎಂಟಕ್ಕೇ ಬಿಸಿಲು ಸುಡುತ್ತದೆ, ಸಂಜೆ ಆರರವರೆಗೂ ನೆಲ ಕಾದಿರುತ್ತದೆ. ಮೂರು ತಿಂಗಳು ಮಕ್ಕಳು ಮನೆಯೊಳಗೇ. ಜೂನ್‌ನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಇದಕ್ಕೆ ಉಪಾಯವಿದೆಯೇ?

ಮೈದಾನದ ಮೇಷ್ಟ್ರು (ನಿವೃತ್ತ ದೈಹಿಕ ಶಿಕ್ಷಕ), ಹಾವೇರಿ

ಮಕ್ಕಳು ದೊಡ್ಡವರಿಗಿಂತ ಕಡಿಮೆ ಬೆವರುತ್ತಾರೆ, ಬಾಯಾರಿಕೆಯೂ ಆಟದ ಗುಂಗಿನಲ್ಲಿ ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಭಾಗದಲ್ಲಿ ಬೇಸಿಗೆಯ ಹಗಲಲ್ಲಿ ಹೊರಗೆ ಓಡಿಸುವುದು ಬೇಡವೇ ಬೇಡ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಹೇಳಿದೆ. ಅದು ಒಂದೇ ಸಲಕ್ಕೆ ಆಗಬೇಕೆಂದಿಲ್ಲ. ಸೂರ್ಯ ಹುಟ್ಟುವ ಹೊತ್ತಿಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ನಡುಮನೆಯಲ್ಲಿ ಸೂರ್ಯನಮಸ್ಕಾರ, ಗೋಡೆಗೆ ಕೈಯಿಟ್ಟು ದಂಡ, ಬಸ್ಕಿ ಹತ್ತು ಹದಿನೈದು ನಿಮಿಷ, ಕತ್ತಲಾದ ಮೇಲೆ ಮಾಳಿಗೆಯ ಮೇಲೆ ಹಗ್ಗದಾಟ. ದಂಡ, ಬಸ್ಕಿಯಿಂದ ಎತ್ತರ ನಿಲ್ಲುತ್ತದೆ ಎಂಬ ಮಾತನ್ನು ನಂಬಬೇಡಿ. ಮೈಯ ಭಾರದಲ್ಲೇ ಸರಿಯಾದ ಭಂಗಿಯಲ್ಲಿ ಮಾಡಿದರೆ ಮೂಳೆ ಗಟ್ಟಿಯಾಗುತ್ತದೆ. ಬೇಸಿಗೆ ಕಳೆದು ಮೈದಾನಕ್ಕೆ ಇಳಿದಾಗ ಹೊಸದಾಗಿ ಶುರು ಮಾಡುವ ಕಷ್ಟ ಅರ್ಧದಷ್ಟೂ ಇರುವುದಿಲ್ಲ.

ತೊಗರಿ ನಾಡು, ಕಲಬುರಗಿ

ಹಗ್ಗದಾಟ ಎಷ್ಟು ಹೊತ್ತು, ಸರ್? ಮಗಳಿಗೆ ಎಂಟು ವರ್ಷ. ಅಂಗಡಿಯಿಂದ ತಂದ ಹಗ್ಗ ಕಾಲಿಗೆ ಸುತ್ತಿಕೊಳ್ಳುತ್ತದೆ.

ಮೈದಾನದ ಮೇಷ್ಟ್ರು (ನಿವೃತ್ತ ದೈಹಿಕ ಶಿಕ್ಷಕ), ಹಾವೇರಿ

ಹಗ್ಗ ಉದ್ದವಾಗಿದೆ. ಹಗ್ಗದ ನಡುಭಾಗವನ್ನು ಎರಡೂ ಕಾಲಿನಿಂದ ತುಳಿದು ನಿಂತು ತುದಿಗಳನ್ನು ಮೇಲಕ್ಕೆ ಎಳೆದರೆ ಹಿಡಿ ಅವಳ ಕಂಕುಳಿಗೆ ಬರಬೇಕು. ಹೆಚ್ಚಿದ್ದರೆ ಹಿಡಿಯ ಹತ್ತಿರ ಗಂಟು ಹಾಕಿ, ಕತ್ತರಿಸಬೇಡಿ, ಮುಂದಿನ ವರ್ಷಕ್ಕೆ ಬೇಕಾಗುತ್ತದೆ. ಎಂಟು ವರ್ಷಕ್ಕೆ ಇಪ್ಪತ್ತು ಸೆಕೆಂಡ್ ಹಾರುವುದು, ಅಷ್ಟೇ ಹೊತ್ತು ನಿಲ್ಲುವುದು, ಇಂಥ ಏಳೆಂಟು ಸುತ್ತು ಸಾಕು. ಗಟ್ಟಿ ಸಿಮೆಂಟ್ ನೆಲವಾದರೆ ಬೂಟು ಹಾಕಿಸಿ, ಬರಿಗಾಲು ಬೇಡ. ನೀವೂ ಒಂದು ಹಗ್ಗ ತಂದುಕೊಳ್ಳಿ.